ಹಿಂದಿನ ಸೀಟಿಗೊಂದು ಸುತ್ತು

ಎಮೆಟ್ ವಾರ್ಗೋನ ಕೈ ಕುಲುಕುವ ಮುಂಚೆ ಹೊಸಬರು ಒಂದು ಗಳಿಗೆ ಹಿಂದೆಮುಂದೆ ನೋಡುತ್ತಿದ್ದರು. ಉಗುರಿನ ಸಂದಿ, ಬೆರಳಿನ ಗೆರೆ, ಮಣಿಕಟ್ಟಿನ ಸುಕ್ಕು, ಎಲ್ಲ ಕಪ್ಪು. ಅದು ಕೊಳೆಯಲ್ಲ, ಮಸಿ. ನಲವತ್ತೈದು ವರ್ಷ ಚರ್ಮದೊಳಗೆ ಇಳಿದ ಮಸಿ ಯಾವ ಸೋಪಿಗೆ ಬಗ್ಗೀತು? ನಮ್ಮೂರು ಆಕ್ರನ್ನಿನಲ್ಲಿ ಟೈರಿನ ಕಾರ್ಖಾನೆಗಳು ಹಗಲೂ ರಾತ್ರಿ ನಡೆಯುತ್ತಿದ್ದ ಕಾಲದಲ್ಲಿ ಇಂಥ ಕೈ ಕಂಡರೆ ಬ್ಯಾಂಕಿನಲ್ಲಿ ಕುರ್ಚಿ ಎಳೆದು ಕೂರಿಸುತ್ತಿದ್ದರು, ಹೆಣ್ಣು ಕೊಡುವವರೂ ಸಿಗುತ್ತಿದ್ದರು. ಈಗ ಅದೇ ಬ್ಯಾಂಕಿನ ಹುಡುಗಿ ಇವನಿಗೆ ಕೊಟ್ಟ ಪೆನ್ನನ್ನು ಟಿಶ್ಯೂ ಕಾಗದದಲ್ಲಿ ಹಿಡಿದು ವಾಪಸು ತೆಗೆದುಕೊಳ್ಳುತ್ತಾಳೆ. ಇರಲಿ. ಆ ಮಹಾರಾಯಿತಿಯ ಕಾರು ಓಡುವುದೂ ಯಾವನೋ ಮಸಿಗೈಯವನು ಕಲಸಿದ ರಬ್ಬರಿನ ಮೇಲೆಯೇ.

ರಬ್ಬರು ಹುಟ್ಟಿನಿಂದ ಕಪ್ಪಲ್ಲ ಎನ್ನುವುದು ಎಷ್ಟೋ ಜನಕ್ಕೆ ಗೊತ್ತಿಲ್ಲ. ಮಸಿ ಬೆರೆಸಿದ ಮೇಲೆಯೇ ಅದಕ್ಕೆ ಕಸುವು. ಬೆರೆಸದೆ ಬಿಟ್ಟರೆ ಟೈರು ನೋಡನೋಡುತ್ತ ಸವೆದು ಚಿಂದಿಯಾದೀತು. ಆ ಬೆರೆಸುವ ಕೆಲಸಕ್ಕೆ ಎಮೆಟ್ ಹತ್ತೊಂಬತ್ತಕ್ಕೇ ಕೈ ಹಾಕಿದ್ದ. ಎದುರುಬದುರು ತಿರುಗುವ ಎರಡು ಬಿಸಿ ಉರುಳೆಗಳು, ಅವುಗಳ ನಡುವೆ ಸಣ್ಣ ಸಂದು. ರಬ್ಬರನ್ನು ಆ ಸಂದಿಗೆ ಕೊಡಬೇಕು, ಮೇಲೆ ಮಸಿ ಸುರಿಯಬೇಕು, ಉರುಳೆಗೆ ಸುತ್ತಿಕೊಂಡ ಹಾಳೆಯನ್ನು ಚಾಕುವಿನಿಂದ ಕೊಯ್ದು, ಮಡಚಿ, ಮತ್ತೆ ಸಂದಿಗೆ ಕೊಡಬೇಕು. ಹಾಗೆ ಒಂದು ಸಲ ಕೊಟ್ಟರೆ ಒಂದು ಸುತ್ತು. ಎಷ್ಟು ಸುತ್ತು ಎಂದು ಚೀಟಿಯಲ್ಲಿ ಬರೆದಿರುತ್ತದೆ. ಮಸಿಯ ಕಾಳೊಂದು ಅರೆಯದೆ ಉಳಿದರೆ ಟೈರು ಅಲ್ಲಿಯೇ ಸೀಳುವುದು. ಆದ್ದರಿಂದ ಕಾಳು ಉಳಿಸಿದವನು ಮಿಕ್ಸಿಂಗ್ ರೂಮಿನಲ್ಲಿ ತಲೆಯೆತ್ತಿ ಓಡಾಡುವ ಹಾಗಿರಲಿಲ್ಲ.

ಅಲ್ಲಿ ಅವನಿಗೆ ಕೆಲಸ ಕಲಿಸಿದ ಮೇಸ್ತ್ರಿ ಹೋಬರ್ಟ್ ಸ್ಕೀನ್, ವೆಸ್ಟ್ ವರ್ಜೀನಿಯಾದ ಗುಡ್ಡದಿಂದ ಇಳಿದು ಬಂದ ಆಸಾಮಿ. ತಂಬಾಕು ಉಗಿದು ಅವನು ಹೇಳಿದ ಮೊದಲ ಪಾಠ ಇದು:

"ನೋಡು ಮಗಾ, ಚೀಟೀಲಿ ಬರ್ದಿರೋ ಸುತ್ತು ಕಂಪ್ನೀದು. ಅದಾದ್ಮೇಲೆ ಮೂರು ಸುತ್ತು, ಅದರ ಮೇಲೆ ಕೂತ್ಕೊಂಡು ಹೋಗೋರ್ದು. ಓಡ್ಸೋನಿಗೊಂದು, ಪಕ್ಕದ ಸೀಟಿಗೊಂದು, ಹಿಂದಿನ ಸೀಟಿಗೊಂದು. ಹಿಂದಿನ ಸೀಟಲ್ಲಿ ಮಕ್ಳು ಕೂತಿರ್ತವೆ. ಅದನ್ನ ಮರೆತ್ಯೋ, ನಿನ್ನ ಕೈ ಮುರೀತೀನಿ."

ಆ ಮೂರು ಸುತ್ತುಗಳನ್ನು ಯಾರೂ ಲೆಕ್ಕದ ಪುಸ್ತಕದಲ್ಲಿ ಬರೆಯುತ್ತಿರಲಿಲ್ಲ. ಬರೆಯಲು ಅದು ಕಂಪನಿಯ ಸ್ವತ್ತಲ್ಲವಲ್ಲ. ಹದಿನಾಲ್ಕು ವರ್ಷ ಎಮೆಟ್ ಒಂದು ದಿನವೂ ಅದನ್ನು ತಪ್ಪಿಸಲಿಲ್ಲ. ಆಮೇಲೆ ಕಾರ್ಖಾನೆಗಳು ಒಂದೊಂದಾಗಿ ಬಾಗಿಲು ಹಾಕಿದವು, ಹೋಬರ್ಟ್ ಶ್ವಾಸಕೋಶ ಕೆಟ್ಟು ಸತ್ತ, ಎಮೆಟ್ ಪಕ್ಕದ ಬಾರ್ಬರ್ಟನ್ನಿನ ಸಣ್ಣ ಶೆಡ್ಡೊಂದರಲ್ಲಿ ಕಾಲೊರಸುವ ಮ್ಯಾಟಿಗೆ ರಬ್ಬರು ಕಲಸುತ್ತ ತಲೆ ಹಣ್ಣು ಮಾಡಿಕೊಂಡ. ಮ್ಯಾಟಿನ ಮೇಲೆ ಯಾರೂ ಕೂತು ಹೋಗುವುದಿಲ್ಲ, ಆದರೂ ಮೂರು ಸುತ್ತು ಹೆಚ್ಚಿಗೆ ಕೊಡುತ್ತಿದ್ದ. ಕೈಗೆ ಹತ್ತಿದ್ದು ಬಿಡುತ್ತದೆಯೇ?

ಆ ಶೆಡ್ಡೂ ಮುಚ್ಚಿದ ಮೇಲೆ ಅವನನ್ನು ಹುಡುಕಿಕೊಂಡು ಬಂದವಳು ಡಾಕ್ಟರ್ ಸುವಾ ಮಿನ್. ಕೊರಿಯಾದ ಕಡೆಯ ಹೆಂಗಸು, ನಲವತ್ತರ ಆಸುಪಾಸು, ಯೂನಿವರ್ಸಿಟಿ ಬಿಟ್ಟು ಹಳೆಯ ಟೈರ್ ಕಟ್ಟಡದ ಎರಡನೆಯ ಮಹಡಿಯಲ್ಲಿ ಆರು ಜನರ ಕಂಪನಿ ತೆರೆದಿದ್ದಳು. ಅವಳು ಮಾಡುತ್ತಿದ್ದದ್ದು ನೆನಪಿರುವ ಪ್ಲಾಸ್ಟಿಕ್ಕು. ಅದರ ಪಟ್ಟಿಯೊಂದನ್ನು ಬಿಸಿ ಮಾಡಿ ಬಗ್ಗಿಸಿ ಆರಿಸಿದರೆ ಬಗ್ಗಿದಂತೆಯೇ ಇರುತ್ತದೆ. ಮತ್ತೆ ಬಿಸಿ ತಾಗಿದ ಕೂಡಲೆ, ಯಾರೋ ಹೆಸರು ಹಿಡಿದು ಕರೆದ ಹಾಗೆ, ಮೆಲ್ಲಗೆ ಎದ್ದು ತನ್ನ ಮೊದಲಿನ ಆಕಾರಕ್ಕೆ ಬರುತ್ತದೆ. ಪಾರ್ಶ್ವವಾಯು ಬಡಿದು ಮುಷ್ಟಿ ಬಿಗಿದುಕೊಂಡವರ ಕೈಗೆ ಇಂಥ ಪಟ್ಟಿ ಕಟ್ಟಿದರೆ ಅದು ನೆಟ್ಟಗಾಗುವಾಗ ಬೆರಳುಗಳನ್ನೂ ಬಿಡಿಸುತ್ತದೆ ಎನ್ನುವುದು ಅವಳ ಲೆಕ್ಕಾಚಾರ. ತೊಂದರೆ ಏನೆಂದರೆ ಅಂಥವರ ಕೈಗೆ ಬಿಸಿ ತಿಳಿಯುವುದಿಲ್ಲ. ಬಿಸಿನೀರು, ಬಿಸಿಗಾಳಿ ಹಿಡಿದರೆ ಸುಟ್ಟು ಬೊಬ್ಬೆಯೆದ್ದರೂ ಗೊತ್ತಾಗದು. ಬಿಸಿ ಪಟ್ಟಿಯ ಒಳಗಿನಿಂದ, ಅಳೆದು ತೂಗಿ ಬರಬೇಕು. ಅದಕ್ಕೇ ಪ್ಲಾಸ್ಟಿಕ್ಕಿಗೆ ಮಸಿ ಬೆರೆಸುವುದು. ಮಸಿ ಕರೆಂಟು ಒಯ್ಯುತ್ತದೆ. ಸಣ್ಣ ಬ್ಯಾಟರಿ ಕಟ್ಟಿದರೆ ಪಟ್ಟಿ ತಾನಾಗಿ ಹದವಾಗಿ ಕಾಯುತ್ತದೆ.

ಮೊದಲ ದಿನ ಮಿನ್ ಕೊಟ್ಟ ಚೀಟಿ ನೋಡಿ ಎಮೆಟ್ ನಕ್ಕುಬಿಟ್ಟಿದ್ದ.

"ಹನ್ನೆರಡೇ ಸುತ್ತಾ? ಹನ್ನೆರಡಕ್ಕೆ ಇದು ಅರೆಬೆಂದ ಆಲೂಗಡ್ಡೆ ಥರ ಇರುತ್ತೆ ಡಾಕ್ಟ್ರೇ. ಕಾಳುಕಾಳು ಕಾಣುತ್ತೆ."

"ಕಾಣ್ಲಿ ಬಿಡಿ ಮಿಸ್ಟರ್ ವಾರ್ಗೋ. ನಮಗೆ ಬೇಕಾಗಿರೋದೇ ಅದು. ಮಸಿಯ ಕಣಗಳು ಒಂದರ ಕೈ ಒಂದು ಹಿಡ್ಕೊಂಡು ಸಾಲಾಗಿ ನಿಂತಿರ್ತವೆ. ಆ ಸಾಲಿನ ಮೇಲೇ ಕರೆಂಟು ನಡೆದು ಹೋಗೋದು. ನೀವು ಜಾಸ್ತಿ ಅರೆದ್ರೆ ಅವು ಕೈ ಬಿಟ್ಟು ಒಂದೊಂದೂ ದೂರ ದೂರ ಆಗ್ತವೆ. ಆಮೇಲೆ ಎಷ್ಟು ಮಸಿ ಇದ್ರೂ ಪ್ರಯೋಜನ ಇಲ್ಲ."

"ನಲವತ್ತು ವರ್ಷ ಆ ಕೈ ಬಿಡಿಸೋದೇ ನನ್ನ ಕೆಲ್ಸ ಆಗಿತ್ತು."

"ಇಲ್ಲಿ ಬಿಡಿಸ್ಬೇಡಿ. ಹನ್ನೆರಡು. ಹದಿಮೂರಲ್ಲ."

ತಲೆ ಒಪ್ಪಿಕೊಂಡಿತು. ಕೈ ಒಪ್ಪಿತೋ ಇಲ್ಲವೋ, ಅದನ್ನು ಕೇಳಿದವರು ಯಾರು? ಎಮೆಟ್ ಗೋಡೆಗೆ ಎರಡು ಮೊಳೆ ಹೊಡೆದು ಒಂದಕ್ಕೆ ಹನ್ನೆರಡು ವಾಷರ್ ನೇತುಹಾಕಿದ. ಒಂದು ಸುತ್ತಿಗೆ ಒಂದು ವಾಷರ್ ಈ ಮೊಳೆಯಿಂದ ಆ ಮೊಳೆಗೆ. ಈ ಮೊಳೆ ಖಾಲಿಯಾದರೆ ಕೆಲಸ ನಿಲ್ಲಿಸುವುದು. ಹಾಗೆ ಮೂರು ವರ್ಷ ಕಾಳು ಕಾಣುವ ಹಾಳೆಗಳನ್ನೇ, ತನ್ನದಲ್ಲದ ಮಕ್ಕಳನ್ನು ಶಾಲೆಗೆ ಬಿಟ್ಟು ಬಂದಂತೆ, ತೆಗೆದು ಮೇಜಿನ ಮೇಲಿಟ್ಟು ಬರುತ್ತಿದ್ದ.

ಇನ್ನು ಅವನ ಹೆಂಡತಿ ಡೊರೀನ್‌ಳ ವಿಷಯ. ಲೆಂಟ್ ಉಪವಾಸದ ಶುಕ್ರವಾರಗಳಂದು ಸ್ಲೊವಾಕ್ ಚರ್ಚಿನ ನೆಲಮಾಳಿಗೆಯಲ್ಲಿ ಹೆಂಗಸರೆಲ್ಲ ಸೇರಿ ಪಿರೋಗಿ ಎನ್ನುವ, ಆಲೂಗಡ್ಡೆ ತುಂಬಿದ ಕಡುಬು ಮಾಡುವಾಗ ಅಂಚು ಒತ್ತುವ ಕೆಲಸ ಯಾವಾಗಲೂ ಅವಳದೇ. ಹೆಬ್ಬೆರಳು ತೋರುಬೆರಳು ಸೇರಿಸಿ ಅವಳು ಒತ್ತಿದ ಅಂಚು ಎಂಥ ಕುದಿನೀರಿಗೂ ಬಾಯಿ ಬಿಡುತ್ತಿರಲಿಲ್ಲ. ಬಾಯಿಯೂ ಹಾಗೇ, ಗಟ್ಟಿ. ಗಂಡನನ್ನು "ಪೆದ್ದ" ಎಂದೇ ಕರೆಯುತ್ತಿದ್ದಳು, ಅದರಲ್ಲಿ ಪ್ರೀತಿಯೆಷ್ಟು ಬೈಗುಳವೆಷ್ಟು ಎಂದು ಅವನೂ ವಿಚಾರಿಸಲು ಹೋಗಲಿಲ್ಲ. ನಾಲ್ಕು ವರ್ಷದ ಹಿಂದೆ ಒಂದು ಮಂಗಳವಾರ ಬೆಳಗ್ಗೆ ಕಸದ ಡಬ್ಬಿ ಎಳೆದುಕೊಂಡು ಹೊರಗೆ ಹೋದವಳು, ಕಾಲುದಾರಿಗೂ ರಸ್ತೆಗೂ ನಡುವಿನ ಹುಲ್ಲಿನಲ್ಲಿ ಕುಸಿದಳು. ಆ ಹುಲ್ಲಿನ ತುಂಡಿಗೆ ನಮ್ಮ ಊರಿನಲ್ಲಿ ದೆವ್ವದ ಪಟ್ಟಿ ಎನ್ನುತ್ತಾರೆ. ಬೇರೆ ಊರಿನವರು ಕೇಳಿ ನಗುತ್ತಾರೆ. ಎಮೆಟ್‌ಗೆ ಅಂದಿನಿಂದ ಆ ಹೆಸರು ಕೇಳಿದರೆ ನಗು ಬಂದದ್ದಿಲ್ಲ.

ಜೀವ ಉಳಿಯಿತು. ಬಲಗೈ ಮುಷ್ಟಿ ಕಟ್ಟಿ ಎದೆಗೆ ಅಂಟಿಕೊಂಡಿತು. ಮಾತಿನಲ್ಲಿ ಉಳಿದದ್ದು ನಾಲ್ಕೇ ನಾಲ್ಕು: ಹೌದು, ಇಲ್ಲ, ದೇವರೇ, ಪೆದ್ದ. ಇನ್ನೊಂದು ಉಳಿದಿತ್ತು. ಒಂದು ಎಂದು ಯಾರಾದರೂ ಶುರು ಮಾಡಿದರೆ ಮುಂದಿನ ಎಣಿಕೆ ಅವಳ ಬಾಯಿಂದ ತಾನಾಗಿ ಹತ್ತರವರೆಗೆ ಹರಿದು ಬರುತ್ತಿತ್ತು. ಮಾತು ಕಲಿಸಲು ಬಂದವಳು, ಇದು ಎಲ್ಲರಲ್ಲೂ ಉಳಿಯುತ್ತದೆ, ಇದಕ್ಕೆ ಅರ್ಥವಿಲ್ಲ ಎಂದಳು. ಕಲಿತವರಿಗೆ ಅರ್ಥವಿಲ್ಲ ಎನ್ನುವುದು ಎಷ್ಟು ಸಲೀಸು.

ದಿನಾ ಬೆಳಗ್ಗೆ ಆರಕ್ಕೆ ಎಮೆಟ್ ಕಾಫಿ ಮಾಡಿಟ್ಟು, ಬೋಗುಣಿಯಲ್ಲಿ ಉಗುರುಬೆಚ್ಚಗಿನ ನೀರು ತಂದು ಅವಳ ಪಕ್ಕ ಕೂರುತ್ತಿದ್ದ. ಕಿರುಬೆರಳಿನಿಂದ ಶುರು. ಒಂದೊಂದೇ ಬೆರಳು ಬಿಡಿಸಿ, ಅಂಗೈ ತೊಳೆದು ಒರೆಸಿ, ಉಗುರು ಉಜ್ಜಿ ಮೋಟು ಮಾಡಬೇಕು. ಎರಡು ದಿನ ಬಿಟ್ಟರೆ ಉಗುರು ಅಂಗೈಗೆ ನಾಟಿ ಹುಣ್ಣಾಗುತ್ತದೆ. ಅರ್ಧ ಗಂಟೆಯ ಕೆಲಸ. ಎಲ್ಲ ಮುಗಿದ ಮೇಲೆ ತನ್ನ ತೋರುಬೆರಳನ್ನು ಅವಳ ಅಂಗೈಯಲ್ಲಿ ಇಟ್ಟು ಕೈ ಬಿಡುತ್ತಿದ್ದ. ಮುಷ್ಟಿ ನಿಧಾನವಾಗಿ ಮುಚ್ಚಿ ಬೆರಳನ್ನು ಗಪ್ಪೆಂದು ಹಿಡಿಯುತ್ತಿತ್ತು.

"ಬಿಡೇ ಮಾರಾಯ್ತಿ, ಮುರ್ದು ಹಾಕ್ತೀಯ," ಎನ್ನುತ್ತಿದ್ದ ಎಮೆಟ್.

"ಪೆದ್ದ," ಎನ್ನುತ್ತಿದ್ದಳು ಅವಳು.

ಅದು ಅವಳು ಹಿಡಿಯುವುದಲ್ಲ, ಸ್ನಾಯು ತಾನಾಗಿ ಬಿಗಿಯುವುದು ಎಂದು ಆಸ್ಪತ್ರೆಯವರು ಹೇಳಿದ್ದರು. ಇದ್ದೀತು. ಆ ಮುಷ್ಟಿಯೊಳಗೆ ಇದ್ದದ್ದು ಅವರ ಬೆರಳಲ್ಲವಲ್ಲ.

ಅವಳು ಬಿದ್ದ ನಾಲ್ಕನೆಯ ವರ್ಷದ ವಸಂತದಲ್ಲಿ ಅಂಗೈ ಎರಡು ಸಲ ಹುಣ್ಣಾಗಿ ಕೀವು ಕಟ್ಟಿತು. ಕೈಯ ಸರ್ಜನ್ ಖಡಾಖಂಡಿತವಾಗಿ ಹೇಳಿಬಿಟ್ಟ: ಸೆಪ್ಟೆಂಬರಿನ ಒಳಗೆ ಮುಷ್ಟಿ ಸಡಿಲವಾಗದಿದ್ದರೆ ಬೆರಳು ಮಡಚುವ ಸ್ನಾಯುವಿನ ಹುರಿಗಳನ್ನು ಕತ್ತರಿಸಬೇಕು. ಕೈ ಬಿಚ್ಚಿಕೊಳ್ಳುತ್ತದೆ, ತೊಳೆಯಲು ಸುಲಭ. ಆದರೆ ಮತ್ತೆಂದೂ ಏನನ್ನೂ ಹಿಡಿಯುವುದಿಲ್ಲ. ಡೊರೀನ್ ಮೂರು ಸಲ "ಇಲ್ಲ" ಎಂದಳು.

ಮಿನ್‌ಳ ಪಟ್ಟಿಯನ್ನು ಎಂಟು ರೋಗಿಗಳ ಕೈಗೆ ಕಟ್ಟಿ ನೋಡಲು ಆಸ್ಪತ್ರೆ ಒಪ್ಪಿದ್ದು ಆಗಲೇ. ಜುಲೈಯಿಂದ ದಿನಾ ಎರಡು ಗಂಟೆ, ಎಂಟು ವಾರ. ಆಸ್ಪತ್ರೆಯವರೇ ಆರಿಸಿದ ಎಂಟು ಹೆಸರಿನಲ್ಲಿ ಡೊರೀನ್‌ಳದೂ ಇತ್ತು. ಅಳತೆ ನೋಡಲು ಕರೆದಿದ್ದ ದಿನ ಹಳೆಯ ಹಾಳೆಯ ಸಣ್ಣ ತುಂಡೊಂದನ್ನು ಅವಳ ಹೆಬ್ಬೆರಳು ತೋರುಬೆರಳಿಗೆ ಮಾತ್ರ ಕಟ್ಟಿ ಬ್ಯಾಟರಿ ಕೊಟ್ಟರು. ಎರಡು ನಿಮಿಷ. ಬೆರಳೆರಡೂ, ಯಾರೂ ಮುಟ್ಟದೆ, ನಾಲ್ಕು ವರ್ಷದಲ್ಲಿ ಮೊದಲ ಸಲ ತಾವಾಗಿ ತೆರೆದುಕೊಂಡವು. ಪಟ್ಟಿ ಬಿಚ್ಚಿದ ಮೇಲೂ ಸ್ವಲ್ಪ ಹೊತ್ತು ಸಡಿಲವಾಗಿದ್ದವು. ಆಗ ಡೊರೀನ್ ತನ್ನ ಕೈಯನ್ನೇ ನೋಡುತ್ತ ಎರಡು ಬೆರಳಿನ ತುದಿ ತಂದು ಸೇರಿಸಿ ಗಾಳಿಯಲ್ಲಿ ಒತ್ತಿದಳು. ಮತ್ತೊಮ್ಮೆ ಒತ್ತಿದಳು. ಪಿರೋಗಿಯ ಅಂಚು ಒತ್ತುವ ಹಾಗೆ.

"ದೇವರೇ," ಎಂದಳು.

ಮೀಟರ್ ಹಿಡಿದು ಪಕ್ಕದಲ್ಲಿ ನಿಂತಿದ್ದ ಟ್ವೈಲಾ ಕ್ರಮ್, ಪಟ್ಟಿಗಳನ್ನು ಪರೀಕ್ಷೆ ಮಾಡುವವಳು, ಬಾಯಲ್ಲಿ ಯಾವಾಗಲೂ ಚೂಯಿಂಗ್ ಗಮ್ ಇರುವವಳು, ಅಂದು ಅಗಿಯುವುದನ್ನು ನಿಲ್ಲಿಸಿದ್ದಳು. ಎಮೆಟ್ ಶೌಚಾಲಯಕ್ಕೆ ಹೋಗಿ ಬಾಗಿಲು ಹಾಕಿಕೊಂಡು ಅತ್ತ. ಆ ತುಂಡನ್ನೂ, ಉಳಿದೆಲ್ಲ ಹಳೆಯ ಹಾಳೆಗಳಂತೆ, ಆಮೇಲೆ ಪರೀಕ್ಷೆಗೆಂದು ಕತ್ತರಿಸಿ ಮುಗಿಸಿದರು.

ಎಂಟು ಜನಕ್ಕೆ ಬೇಕಾದ ಹಾಳೆಗೆ ಒಂದು ಚೀಲ ಮಸಿ ಇತ್ತು. ಒಂದೇ ಚೀಲ. ಎಂಥ ಮಸಿಯಾದರೂ ನಡೆಯುತ್ತದೆ ಅಂದುಕೊಳ್ಳಬೇಡಿ, ಅದರಲ್ಲಿ ನೂರು ಜಾತಿ. ಈ ಜಾತಿಯದನ್ನು ಮಾಡುತ್ತಿದ್ದ ದಕ್ಷಿಣದ ಕಾರ್ಖಾನೆ ಚಳಿಗಾಲದಲ್ಲಿ ಆ ಸಾಲನ್ನೇ ನಿಲ್ಲಿಸಿತ್ತು. ಬೇರೆ ಮಸಿ ಹಾಕಿದರೆ ರೋಗಿಯ ಚರ್ಮಕ್ಕೆ ಆಗುತ್ತದೋ ಇಲ್ಲವೋ ಎಂಬಲ್ಲಿಂದ ಎಲ್ಲ ಪರೀಕ್ಷೆ ಮತ್ತೆ ಮೊದಲಿನಿಂದ, ಎರಡು ವರ್ಷ. ಕಂಪನಿ ಅಷ್ಟು ದಿನ ಉಸಿರು ಹಿಡಿದಿರುವ ಸ್ಥಿತಿಯಲ್ಲಿರಲಿಲ್ಲ. ಡೊರೀನ್‌ಳ ಅಂಗೈಯಂತೂ ಅಷ್ಟು ಕಾಯುವ ಹಾಗಿರಲಿಲ್ಲ. ಇದು ಎಮೆಟ್‌ಗೂ ಗೊತ್ತಿತ್ತು.

ಜೂನ್ ತಿಂಗಳ ಬುಧವಾರ ಬೆಳಗ್ಗೆ ಅವನು ಉರುಳೆ ಬಿಸಿಗಿಟ್ಟ. ಟ್ವೈಲಾ ಬಾಗಿಲಲ್ಲಿ ಇಣುಕಿದಳು.

"ಏನಪ್ಪಾ ವಾರ್ಗೋ, ಇವತ್ತು ಗಡ್ಡ ಕೆರ್ಕೊಂಡು ಬಂದಿದೀಯ. ಮದ್ವೆ ಗಿದ್ವೆ ಇದೆಯಾ?"

"ಹೆಂಡ್ತಿ ಪಟ್ಟಿ ಕಲಸ್ಬೇಕು. ಸುಮ್ನೆ ಹೋಗು, ಎಣಿಕೆ ತಪ್ಪುತ್ತೆ."

"ಇನ್ನೂ ಶುರುನೇ ಮಾಡಿಲ್ಲ, ಆಗ್ಲೇ ಎಣಿಕೆ ತಪ್ಪುತ್ತಂತೆ. ಹ್ಯಾಮ್ ಸ್ಯಾಂಡ್‌ವಿಚ್ ತರ್ತೀನಿ, ಸಾಸಿವೆ ಬೇಕಾ ಬೇಡ್ವಾ?"

"ಬೇಕು."

ಅವಳು ಹೋದಳು. ಮಿನ್ ಒಳಗಿನ ಕೋಣೆಯಲ್ಲಿ ಆಸ್ಪತ್ರೆಯವರೊಂದಿಗೆ ಫೋನಿನಲ್ಲಿದ್ದಳು. ಎಮೆಟ್ ಚೀಲದ ಕೊನೆಯ ಚಿಟಿಕೆಯವರೆಗೆ ತೂಗಿ ಸುರಿದ. ಕೊಯ್ದ, ಮಡಚಿದ, ಕೊಟ್ಟ. ವಾಷರ್‌ಗಳು ಒಂದೊಂದಾಗಿ ಆಚೆ ಮೊಳೆಗೆ ಹೋದವು. ಹನ್ನೆರಡೂ ಹೋದವು. ಹಾಳೆಯನ್ನು ಕೊಯ್ದು ತೆಗೆಯುವ ಮುನ್ನ ಅದರ ಅಂಚನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದ. ಮಂಕು ಬಣ್ಣ, ಅಲ್ಲಲ್ಲಿ ಬೂದು ಗೆರೆ, ಗೆರೆಯ ತುಂಬ ಕಾಳು.

ಮೂರು ವರ್ಷದಿಂದ ಅಂಥ ಹಾಳೆಗಳನ್ನು ನೂರಾರು ನೋಡಿದ್ದಾನೆ, ತುಟಿ ಕಚ್ಚಿಕೊಂಡು ಸುಮ್ಮನಿದ್ದಾನೆ. ಆದರೆ ಅವೆಲ್ಲ ಎಲ್ಲಿಗೋ ಹೋಗುವ ಹಾಳೆಗಳು. ಇದು ಡೊರೀನ್‌ಳ ಕೈಗೆ ಹೋಗುವುದು. ಕಾಳು ಉಳಿದ ಕಡೆ ಸೀಳುತ್ತದೆ ಎಂದು ಅವನಿಗೆ ಕಲಿಸಿದ್ದರು. ಹೋಬರ್ಟ್ ಸ್ಕೀನ್ ಸತ್ತು ಮೂವತ್ತು ವರ್ಷವಾಗಿರಬಹುದು, ಆದರೂ ಬೆನ್ನ ಹಿಂದೆ ನಿಂತು ಕ್ಯಾಕರಿಸುತ್ತಿದ್ದಾನೆ ಅನ್ನಿಸಿತು. ಮಿನ್ ಹೇಳಿದ್ದು ನೆನಪಿರಲಿಲ್ಲವೇ? ಇತ್ತು. ಒಂದೆರಡು ಸುತ್ತಿನಿಂದ ಏನು ಮಹಾ ಆದೀತು, ಓದಿದವರು ಯಾವಾಗಲೂ ಸ್ವಲ್ಪ ಹೆಚ್ಚಿಗೆ ಹೆದರಿಸುತ್ತಾರೆ ಎಂದುಕೊಂಡ. ಅಷ್ಟೆ. ಇದಕ್ಕಿಂತ ದೊಡ್ಡ ಕಾರಣ ಹುಡುಕಿದರೆ ಸಿಗುವುದಿಲ್ಲ, ನಾನೂ ಹುಡುಕಿ ಸೋತಿದ್ದೇನೆ.

ಸಂದನ್ನು ಒಂದು ಕೂದಲಷ್ಟು ಬಿಗಿ ಮಾಡಿದ. ಓಡಿಸುವವನಿಗೊಂದು ಸುತ್ತು ಕೊಟ್ಟ. ಪಕ್ಕದ ಸೀಟಿಗೊಂದು ಕೊಟ್ಟ.

ಹಿಂದಿನ ಸೀಟಿನದು ಮಾತ್ರ ನಿಧಾನವಾಗಿ, ಎರಡೂ ಕೈಯಲ್ಲಿ ಹಿಡಿದು ಕೊಟ್ಟ. ಅವನ ಕಾರಿನಲ್ಲಿ ಡೊರೀನ್ ಕೂರುತ್ತಿದ್ದದ್ದು ಹಿಂದಿನ ಸೀಟಿನಲ್ಲಿ, ಅವನ ಬೆನ್ನ ಹಿಂದೆಯೇ. ಓಡಿಸುವವನು ಎಡಕ್ಕೆ ಕೂರುವ ಕಾರಿನಲ್ಲಿ ಪಕ್ಕದ ಸೀಟಿನ ಬಾಗಿಲು ಬಲಕ್ಕೆ, ಅವಳಿಗೆ ಬಾಗಿಲ ಮೇಲಿನ ಹಿಡಿ ಹಿಡಿದು ಇಳಿಯಲು ಇದ್ದದ್ದು ಎಡಗೈ ಒಂದೇ. ಮಕ್ಕಳಿಲ್ಲದ ಮನೆ ಅದು. ಹಿಂದಿನ ಸೀಟಿಗೆ ಯಾರಾದರೂ ಬಂದದ್ದು ಅವಳು ಬಿದ್ದ ಮೇಲೆಯೇ.

ಹಾಳೆ ಹೊರಗೆ ಬಂದಾಗ ಮಿರಮಿರ ಮಿಂಚುತ್ತಿತ್ತು. ಒಂದು ಕಾಳಿಲ್ಲ, ಒಂದು ಗೆರೆಯಿಲ್ಲ. ಎಮೆಟ್ ಅದರ ಮೇಲೆ ಬೆರಳಾಡಿಸಿ ಸಂತೋಷಪಟ್ಟ. ಪುಸ್ತಕದಲ್ಲಿ ಹನ್ನೆರಡು ಎಂದು ಬರೆದ. ಸುಳ್ಳು ಬರೆಯಬೇಕೆಂದು ಬರೆದದ್ದಲ್ಲ; ಆ ಮೂರನ್ನು ಬರೆಯುವ ರೂಢಿಯೇ ಇರಲಿಲ್ಲ. ಸಾಸಿವೆ ಹಚ್ಚಿದ ಸ್ಯಾಂಡ್‌ವಿಚ್ ತಿಂದು, ಟ್ವೈಲಾಳಿಗೆ ಹಾಳೆ ತೋರಿಸಿದ.

"ಅಬ್ಬ, ಮುಖ ನೋಡ್ಕೊಳ್ಬೋದು ಇದ್ರಲ್ಲಿ," ಎಂದಳು ಅವಳು.

ಶುಕ್ರವಾರ ಹಾಳೆಯನ್ನು ಒತ್ತಿ, ಕತ್ತರಿಸಿ, ಎಂಟು ಪಟ್ಟಿ ಮಾಡಿ ಪರೀಕ್ಷೆಯ ಮೇಜಿಗೆ ತಂದರು. ಟ್ವೈಲಾ ಮೊದಲನೆಯದರ ಎರಡು ತುದಿಗೆ ಕ್ಲಿಪ್ಪು ಹಾಕಿ ಬ್ಯಾಟರಿ ಕೊಟ್ಟಳು. ಪಟ್ಟಿ ಬಗ್ಗಿದಂತೆಯೇ ಇತ್ತು. ಕ್ಲಿಪ್ಪು ಒರೆಸಿ ಹಾಕಿದಳು. ಬ್ಯಾಟರಿ ಬದಲಾಯಿಸಿದಳು.

"ವೈರು ಬಿಟ್ಟೋಗಿದೆ ಅನ್ಸುತ್ತೆ," ಎಂದು ವೈರನ್ನೂ ಬದಲಾಯಿಸಿದಳು. ಎರಡನೆಯ ಪಟ್ಟಿ, ಮೂರನೆಯದು, ಎಂಟನೆಯದು. ಬೆರಳಿಟ್ಟು ನೋಡಿದರೆ ಎಲ್ಲ ತಣ್ಣಗೆ.

ಮಿನ್ ಬಂದಳು, ಮೀಟರ್ ನೋಡಿದಳು, ಪುಸ್ತಕ ತೆಗೆದು ನೋಡಿದಳು. ಹನ್ನೆರಡು.

"ಹಾಗಾದ್ರೆ ಚೀಲಕ್ಕೇ ಏನೋ ಆಗಿದೆ. ತೇವ ಹಿಡಿದಿರ್ಬೇಕು. ಇಲ್ಲಾಂದ್ರೆ ಅವ್ರು ಬೇರೆ ಯಾವ್ದೋ ಮಸಿ ತುಂಬಿ ಕಳಿಸಿದಾರೆ," ಎಂದಳು.

"ಕಳ್ಳ ನನ್ಮಕ್ಳು. ಮುಚ್ಚೋ ಹೊತ್ತಲ್ಲಿ ಕಸ ಗುಡಿಸಿ ಕಳಿಸಿರ್ತಾರೆ," ಎಂದಳು ಟ್ವೈಲಾ.

ಒಂದು ಗಂಟೆ ಹೊತ್ತು ಇಬ್ಬರೂ ಕಾಣದ ಆ ಕಾರ್ಖಾನೆಯವರಿಗೆ ಬಾಯಿಗೆ ಬಂದಂತೆ ಬೈದರು. ಎಮೆಟ್ ಬಾಯಿ ಮುಚ್ಚಿಕೊಂಡಿದ್ದರೆ ಮಸಿಯ ಮುಖಕ್ಕೇ ಮಸಿ ಬಳಿದು ಕೈತೊಳೆದುಕೊಳ್ಳಬಹುದಿತ್ತು. ಕೇಳುವವರಿರಲಿಲ್ಲ. ಆದರೆ ಮೊದಲ ಪಟ್ಟಿ ಏಳದಿದ್ದಾಗಲೇ ಅವನಿಗೆ ಗೊತ್ತಾಗಿತ್ತು, ಸ್ಟೂಲಿನ ಮೇಲೆ ಕೂತುಬಿಟ್ಟಿದ್ದ.

"ಹದಿನೈದು," ಎಂದ.

"ಏನು ಹದಿನೈದು?" ಎಂದಳು ಮಿನ್.

"ಸುತ್ತು."

"ಹನ್ನೆರಡು ಅಂತ ಬರ್ದಿದೀರಿ."

"ಹನ್ನೆರಡು ಕಂಪ್ನೀದು ಡಾಕ್ಟ್ರೇ."

"ಮತ್ತೆ ಉಳಿದ ಮೂರು?"

ಅವನು ಹೇಳಿದ. ಓಡಿಸುವವನು, ಪಕ್ಕದ ಸೀಟು, ಹಿಂದಿನ ಸೀಟು. ಅರವತ್ತಾರು ವಯಸ್ಸಿನ ಗಂಡಸು ಅದನ್ನು ಪಾಠ ಒಪ್ಪಿಸುವವನಂತೆ ತಲೆ ತಗ್ಗಿಸಿ ಹೇಳಿದ. ಟ್ವೈಲಾ ಮುಖ ಗೋಡೆಯ ಕಡೆ ತಿರುಗಿಸಿದಳು.

"ನಮ್ಮಪ್ಪನೂ ಹಾಕ್ತಿದ್ದ," ಎಂದಳು ಗೋಡೆಗೆ. "ಆ ಮೂರು ಸುತ್ತು."

ಮಿನ್ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಒಂದು ಪಟ್ಟಿ ಎತ್ತಿಕೊಂಡು ಹೋಗಿ ಕೆಟಲ್‌ನ ಬಿಸಿನೀರಿಗೆ ಹಾಕಿದಳು. ಅದು ಚಂದವಾಗಿ, ಒಂದಿಷ್ಟೂ ತಡವಿಲ್ಲದೆ, ಬೆರಳು ಬಿಚ್ಚಿದ ಕೈಯ ಆಕಾರಕ್ಕೆ ಬಂತು.

"ಇದಕ್ಕೆ ನೆನಪು ಚೆನ್ನಾಗೇ ಇದೆ," ಎಂದಳು. "ನಾವು ಕರೆದ್ರೆ ಕೇಳಿಸ್ತಿಲ್ಲ, ಅಷ್ಟೆ."

"ಹಾಗಾದ್ರೆ ನಾನೇ ಮನೇಲಿ ಬಿಸಿನೀರು ಹಾಕಿ…"

"ಅವ್ರಿಗೆ ಬಿಸಿ ಗೊತ್ತಾಗಲ್ಲ ಎಮೆಟ್. ಸುಟ್ಟುಹೋಗುತ್ತೆ."

ಮೂರು ವರ್ಷದಲ್ಲಿ ಅವಳು ಅವನ ಹೆಸರು ಹಿಡಿದು ಕರೆದದ್ದು ಅದೇ ಮೊದಲು. ಅವನು ಎದ್ದು ಹೋಗಿ ಖಾಲಿ ಚೀಲವನ್ನು ಬಿಡಿಸಿ, ಒಳಮೈ ಕೆರೆದು, ಮೂಲೆ ಮೂಲೆ ಕೊಡವಿದ. ಒಂದು ಬೊಗಸೆಯೂ ಆಗಲಿಲ್ಲ. ಅಷ್ಟನ್ನೇ ಕಾಗದದಲ್ಲಿ ತಂದು ಮೇಜಿನ ಮೇಲಿಟ್ಟ.

"ಇಷ್ಟಿದೆ. ಒಂದು ಪಟ್ಟಿಗೆ ಆಗಲ್ವಾ? ಒಂದೇ ಒಂದಕ್ಕೆ?"

ಮಿನ್ ಅದನ್ನು ನೋಡಿ ಇಲ್ಲವೆಂದು ತಲೆ ಆಡಿಸಿದಳು. ಎರಡು ಬೆರಳಿಗೂ ಆಗುತ್ತಿರಲಿಲ್ಲ. ಆಗಿದ್ದರೂ, ಆಸ್ಪತ್ರೆಗೆ ಬೇಕಿದ್ದದ್ದು ಎಂಟು. ಅರೆದು ಕೈಬಿಡಿಸಿದ ಕಣಗಳನ್ನು ಮತ್ತೆ ಕೈ ಹಿಡಿಸುವ ವಿದ್ಯೆ ಅವಳಿಗೂ ಗೊತ್ತಿರಲಿಲ್ಲ. ಮೂರು ವರ್ಷದ ಶ್ರಮವೆಲ್ಲ ಮೂರು ಸುತ್ತಿನಲ್ಲಿ ನೀರುಪಾಲಾಗಿತ್ತು, ಎಂಟು ಮನೆಯವರು ಜುಲೈಗೆ ಕಾಯುತ್ತಿದ್ದರು.

ಅಂದು ಸಂಜೆ ಎಮೆಟ್ ಮನೆಗೆ ಬಂದು ಟೋಪಿಯನ್ನೂ ತೆಗೆಯದೆ ಅಡುಗೆಮನೆಯಲ್ಲಿ ಡೊರೀನ್‌ಳ ಎದುರು ಕೂತ. ಅವಳು ಕಿಟಕಿಯಿಂದ ಕಣ್ಣು ತೆಗೆದು ಅವನನ್ನು ನೋಡಿದಳು. ಟೈರಿನವನ ಹೆಂಡತಿ, ಅವಳಿಗೆ ಬಿಡಿಸಿ ಹೇಳುವುದೇನೂ ಇರಲಿಲ್ಲ. ಮದುವೆಯಾದ ಹೊಸದರಲ್ಲಿ, ಇವತ್ತು ಹಿಂದಿನ ಸೀಟಿಗೆ ಕೊಟ್ಟೆಯಾ ಎಂದು ಕೇಳಿಯೇ ಊಟ ಬಡಿಸುತ್ತಿದ್ದವಳು.

"ಪಟ್ಟಿ ಆಗ್ಲಿಲ್ಲ ಡೊರೀನ್. ನಾನೇ ಕೆಡಿಸ್ಬಿಟ್ಟೆ," ಎಂದ. "ಹನ್ನೆರಡಕ್ಕೆ ನಿಲ್ಸು ಅಂದಿದ್ರು. ಕಾಳು ಕಾಣ್ತಿತ್ತು ಕಣೇ. ನಿನ್ನ ಕೈಗೆ ಅಂಥದ್ದು ಹೆಂಗೆ ಕೊಡ್ಲಿ? ಮತ್ತೆ ಕೊಟ್ಬಿಟ್ಟೆ. ಒಂದು…"

ಅವಳು ಪೆದ್ದ ಎನ್ನುತ್ತಾಳೆ ಎಂದು ಕಾದ. ಅದೊಂದು ಮಾತು ಅಂದುಬಿಟ್ಟಿದ್ದರೆ ಅವನು ಹೇಗೋ ತಡೆದುಕೊಳ್ಳುತ್ತಿದ್ದ.

"ಎರಡು," ಎಂದಳು ಡೊರೀನ್. "ಮೂರು."

ಹತ್ತರವರೆಗೆ ಹರಿದು ಹೋಗಬೇಕಿದ್ದ ಎಣಿಕೆ ಅಲ್ಲಿಗೆ ನಿಂತಿತು. ಅವಳು ಎಡಗೈಯಿಂದ ತನ್ನ ಎದೆ ಮುಟ್ಟಿಕೊಂಡಳು. ಮೂರನೆಯದು ತನ್ನದೆಂದು ಅವಳಿಗೆ ತಿಳಿದಿತ್ತು. ಎಮೆಟ್ ಮೇಜಿಗೆ ಹಣೆ ಹಚ್ಚಿ, ನಾಚಿಕೆ ಬಿಟ್ಟು, ಸಣ್ಣ ಮಗುವಿನ ಹಾಗೆ ಅತ್ತ. ಅವಳ ಎಡಗೈ ಅವನ ಟೋಪಿಯ ಮೇಲೆ ಬಹಳ ಹೊತ್ತು ಇತ್ತು. ಅದರಿಂದ ಅವನ ನೋವು ಒಂದು ಎಳ್ಳಿನಷ್ಟೂ ಕಡಿಮೆಯಾಗಲಿಲ್ಲ.

ಆಗಸ್ಟಿನಲ್ಲಿ ಮಿನ್ ಕಂಪನಿ ಮುಚ್ಚಿದಳು. ಉರುಳೆಗಳನ್ನು ಗುಜರಿಯವರು ಬಂದು ಒಯ್ದರು. ಎಮೆಟ್ ಗೋಡೆಯಿಂದ ಹನ್ನೆರಡು ವಾಷರ್ ತೆಗೆದು ಜೇಬಿಗೆ ಹಾಕಿಕೊಂಡ, ಯಾಕೆಂದು ಅವನಿಗೂ ಗೊತ್ತಿರಲಿಲ್ಲ. ಸೆಪ್ಟೆಂಬರಿನಲ್ಲಿ, ಅಂಗೈ ಮೂರನೆಯ ಸಲ ಹುಣ್ಣಾದ ಮೇಲೆ, ಡೊರೀನ್‌ಳನ್ನು ಹಿಂದಿನ ಸೀಟಿನಲ್ಲಿ ಕೂರಿಸಿ ಬೆಲ್ಟು ಹಾಕಿ ಆಸ್ಪತ್ರೆಗೆ ಕರೆದುಕೊಂಡು ಹೋದ. ಈ ಸಲ ಅವಳು ಇಲ್ಲ ಎನ್ನಲಿಲ್ಲ. ಆಪರೇಷನ್ ಬಹಳ ಚೆನ್ನಾಗಿ ಆಯಿತು ಎಂದು ಸರ್ಜನ್ ಹೇಳಿದ. ಹನ್ನೆರಡನೆಯ ದಿನ ಬ್ಯಾಂಡೇಜು ಬಿಚ್ಚಿದರು.

ಮರುದಿನ ಬೆಳಗ್ಗೆ ಆರಕ್ಕೆ ಎಮೆಟ್ ಕಾಫಿ ಮಾಡಿಟ್ಟು, ಬೋಗುಣಿಯಲ್ಲಿ ಉಗುರುಬೆಚ್ಚಗಿನ ನೀರು ತಂದು ಅವಳ ಪಕ್ಕ ಕೂತ. ಕಿರುಬೆರಳಿನಿಂದ ಶುರು ಮಾಡಲು ಕೈ ಚಾಚಿದ. ಬಿಡಿಸುವುದಕ್ಕೆ ಏನೂ ಇರಲಿಲ್ಲ. ಕೈ ಅವಳ ತೊಡೆಯ ಮೇಲೆ ಪೂರ್ತಿ ತೆರೆದು, ಬೆಳ್ಳಗೆ, ಮೆತ್ತಗೆ ಮಲಗಿತ್ತು. ಅಂಗೈ ಒರೆಸಲು ಎರಡು ನಿಮಿಷವೂ ಹಿಡಿಯಲಿಲ್ಲ. ಒರೆಸಿದ ಮೇಲೆ ರೂಢಿಯಂತೆ ತನ್ನ ಕಪ್ಪು ತೋರುಬೆರಳನ್ನು ಆ ಅಂಗೈಯಲ್ಲಿ ಇಟ್ಟ.

ಡೊರೀನ್ ಅವನ ಬೆರಳನ್ನು ನೋಡಿದಳು, ತನ್ನ ಕೈಯನ್ನು ನೋಡಿದಳು. ಹಣೆಯ ನರ ಉಬ್ಬುವಷ್ಟು ಪ್ರಯತ್ನಪಟ್ಟಳು. ಎಮೆಟ್ ಬೆರಳನ್ನು ಅಲ್ಲಿಯೇ ಇಟ್ಟುಕೊಂಡು, ಕಾಫಿ ಆರಿ ಹೋಗುವವರೆಗೆ ಕಾಯುತ್ತ ಕೂತಿದ್ದ.